ವಿಮಾನದೊಳಗಿನ ಗಾಳಿ ಎಲ್ಲಿಂದ ಬರುತ್ತದೆ?

ಬೇಲೆಕೇರಿಯ ಹಿರಿಯರೊಬ್ಬರು ಹೆಂಡತಿಯೊಡನೆ ಕಾರವಾರದ ನನ್ನ ದವಾಖಾನೆಗೆ ಬಂದಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಮೂವತ್ತು ವರ್ಷ ಬೋಟಿನ ಮೇಲೆ ದುಡಿದ ಮೈ, ಅಷ್ಟೇ ವರ್ಷ ಬೀಡಿ ಸೇದಿದ ಎದೆ. ಬೀಡಿ ಬಿಟ್ಟು ಏಳು ವರ್ಷವಾಯಿತು. ದಮ್ಮು ಮಾತ್ರ ಅವರನ್ನು ಬಿಟ್ಟಿಲ್ಲ. ಹೈದರಾಬಾದಿನಲ್ಲಿರುವ ಮಗ, ಮೊಮ್ಮಗಳ ನಾಮಕರಣಕ್ಕೆಂದು ಗೋವಾದಿಂದ ವಿಮಾನದ ಟಿಕೆಟ್ಟು ಮಾಡಿಸಲು ಹೊರಟಿದ್ದಾನೆ. ಹೋಗಬಹುದೇ ಎಂದು ಕೇಳಲು ಬಂದವರು, ನಾನು ಎದೆಗೆ ಸ್ಟೆತಾಸ್ಕೋಪು ಇಡುವ ಮೊದಲೇ ಇನ್ನೊಂದು ಪ್ರಶ್ನೆ ಹಾಕಿದರು.

"ಡಾಕ್ಟ್ರೇ, ಕಿಟಕಿ ತೆಗೂಕೆ ಬರೂದಿಲ್ಲ ಅಂತಾರೆ. ಮತ್ತೆ ಒಳಗೆ ಗಾಳಿ ಎಲ್ಲಿಂದ ಬರ್ತದೆ?"

ಅವರ ಹೆಂಡತಿಯ ಅಂಜಿಕೆ ಬೇರೆ. ಇದೇ ದಾರಿಯ ವಿಮಾನದಲ್ಲಿ ಒಮ್ಮೆ ಹೊಗೆ ತುಂಬಿಕೊಂಡಿತ್ತಂತೆ, ಪೇಪರಿನಲ್ಲಿ ಬಂದಿತ್ತಂತೆ, ನಿಜವೇ?

ನಿಜ. ಮತ್ತು ಗಂಡ ಹೆಂಡಿರ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ನೌಕಾನೆಲೆಯ ಕುಟುಂಬಗಳು, ಕೊಲ್ಲಿ ದೇಶಗಳಲ್ಲಿ ದುಡಿಯುವವರು, ಬೆಂಗಳೂರು-ಮುಂಬಯಿಯಲ್ಲಿ ಮಕ್ಕಳಿರುವ ತಂದೆತಾಯಂದಿರು ಎಂದು ನಮ್ಮ ಕರಾವಳಿಯ ಮನೆಗಳಲ್ಲಿ ವಿಮಾನ ಪ್ರಯಾಣ ಈಗ ಅಪರೂಪವಲ್ಲ. ಅಂಕೋಲೆಯ ಅಲಗೇರಿಯಲ್ಲಿ ನಾಗರಿಕ ವಿಮಾನ ನಿಲ್ದಾಣದ ಯೋಜನೆಯೂ ವರ್ಷಗಳಿಂದ ಸುದ್ದಿಯಲ್ಲಿದೆ. ಆದ್ದರಿಂದ ಈ ವಾರ ವಿಮಾನದೊಳಗಿನ ಗಾಳಿಯ ವಿಚಾರ.

ಅಂಕೋಲೆಯಿಂದ ಯಲ್ಲಾಪುರದ ಕಡೆಗೆ ಬಸ್ಸಿನಲ್ಲಿ ಹೋದವರಿಗೆಲ್ಲ ಅರಬೈಲು ಘಟ್ಟದ ಅನುಭವವಿದೆ. ಅರ್ಧ ಏರುವಷ್ಟರಲ್ಲಿ ಕಿವಿ ಮುಚ್ಚಿದಂತಾಗುತ್ತದೆ. ಎಂಜಲು ನುಂಗಿದರೆ 'ಟಪ್' ಎಂದು ತೆರೆದುಕೊಳ್ಳುತ್ತದೆ. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಮಧ್ಯಕಿವಿಯಲ್ಲಿ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. ಅಷ್ಟಕ್ಕೂ ಯಲ್ಲಾಪುರ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಯಷ್ಟು ಎತ್ತರವೂ ಇಲ್ಲ. ದೊಡ್ಡ ಜೆಟ್ ವಿಮಾನ ಹಾರುವುದು 35,000 ಅಡಿಯ ಆಸುಪಾಸಿನಲ್ಲಿ. ಅಲ್ಲಿ ಹೊರಗೆ ಶೂನ್ಯಕ್ಕಿಂತ ಐವತ್ತು ಡಿಗ್ರಿಗೂ ಕೆಳಗಿನ ಚಳಿ. ಗಾಳಿಯ ಒತ್ತಡ ಕಾರವಾರದ ಕಡಲ ದಂಡೆಯಲ್ಲಿರುವುದರ ಕಾಲುಭಾಗ ಮಾತ್ರ. ಆ ಗಾಳಿಯನ್ನು ನೇರವಾಗಿ ಉಸಿರಾಡಿದರೆ ಆರೋಗ್ಯವಂತ ಮನುಷ್ಯನಿಗೂ ಅರ್ಧ-ಒಂದು ನಿಮಿಷದೊಳಗೆ ಪ್ರಜ್ಞೆ ಮಸುಕಾಗುತ್ತದೆ. ಕಿಟಕಿ ತೆರೆಯಲು ಬಾರದಿರುವುದು ನಮ್ಮ ಪುಣ್ಯ.

ಹಾಗಾದರೆ ಒಳಗಿನ ಗಾಳಿ? ಅದು ಬರುವುದು ಇಂಜಿನ್ನಿನಿಂದ. ಹೌದು, ಅದೇ ಇಂಜಿನ್ನಿನಿಂದ. ವಿಮಾನದ ಇಂಜಿನ್ನು ಮುಂದಿನಿಂದ ಗಾಳಿಯನ್ನು ಎಳೆದುಕೊಂಡು, ಸಾಲು ಸಾಲು ಅಲಗುಗಳಿಂದ ಒತ್ತಿ, ಆಮೇಲೆ ಅದಕ್ಕೆ ಇಂಧನ ಬೆರೆಸಿ ಉರಿಸುತ್ತದೆ. ಒತ್ತಿದ ಮೇಲೆ, ಇಂಧನ ಬೆರೆಯುವ ಮೊದಲು, ಆ ಗಾಳಿಯಲ್ಲಿ ಸ್ವಲ್ಪ ಪಾಲನ್ನು ಕೊಳವೆಯ ಮೂಲಕ ಬಸಿದು ತೆಗೆಯುತ್ತಾರೆ. ಇಂಜಿನಿಯರರು ಇದನ್ನು 'ಬ್ಲೀಡ್ ಏರ್' ಎನ್ನುತ್ತಾರೆ. ಒತ್ತಡದಿಂದಾಗಿ ಕುದಿಯುವ ನೀರಿಗಿಂತಲೂ ಬಿಸಿಯಾಗಿರುವ ಈ ಗಾಳಿಯನ್ನು ವಿಮಾನದ ಹೊಟ್ಟೆಯಲ್ಲಿರುವ ಹವಾನಿಯಂತ್ರಣ ಯಂತ್ರ ತಣಿಸಿ, ಪ್ರಯಾಣಿಕರ ಕೋಣೆಗೆ ತುಂಬುತ್ತದೆ. ಹಿಂಭಾಗದ ಒಂದು ಕವಾಟ ಹಳೆಯ ಗಾಳಿಯನ್ನು ಲೆಕ್ಕವಿಟ್ಟು ಹೊರಗೆ ಬಿಡುತ್ತದೆ. ಗಾಳಿ ತುಂಬಿಸುವುದೂ ಒತ್ತಡ ಕಾಯುವುದೂ ಹೀಗೆ ಒಂದೇ ವ್ಯವಸ್ಥೆಯ ಕೆಲಸ.

ಆದರೂ ಒಳಗಿನ ಒತ್ತಡ ಕಡಲ ದಂಡೆಯಷ್ಟಿರುವುದಿಲ್ಲ. ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ತೆಳುವಾಗಲು ಬಿಡಬಹುದು ಎಂಬುದು ನಿಯಮ. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ, ಊಟಿ 7,300 ಅಡಿ ಚಿಲ್ಲರೆ. ಅಂದರೆ ಕುರ್ಚಿಯಲ್ಲಿ ಕುಳಿತಲ್ಲೇ ಊಟಿಗಿಂತ ತುಸು ಮೇಲೆ ಹತ್ತಿ ಇಳಿದಂತೆ. ಗಟ್ಟಿ ಎದೆಯವರಿಗೆ ಗೊತ್ತೂ ಆಗುವುದಿಲ್ಲ. ದಮ್ಮಿನವರ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಜನ ಕೇಳುವ ಇನ್ನೊಂದು ಮಾತು: ಒಬ್ಬರ ಉಸಿರು ಇನ್ನೊಬ್ಬರಿಗೆ ಸುತ್ತುತ್ತಲೇ ಇರುತ್ತದೆಯೇ? ಅಷ್ಟಿಲ್ಲ. ದೊಡ್ಡ ಜೆಟ್ಟುಗಳಲ್ಲಿ ಗಂಟೆಗೆ ಇಪ್ಪತ್ತು-ಮೂವತ್ತು ಸಲ ಗಾಳಿ ಬದಲಾಗುತ್ತದೆ. ಅದರಲ್ಲಿ ಸುಮಾರು ಅರ್ಧ ಹೊಸದು. ಉಳಿದರ್ಧ 'ಹೆಪಾ' ಎಂಬ ಸೂಕ್ಷ್ಮ ಜಾಲರಿಯಲ್ಲಿ ಸೋಸಿ ಮರಳಿ ಬರುವುದು. ರೋಗಾಣುಗಳನ್ನು ಈ ಜಾಲರಿ ಚೆನ್ನಾಗಿ ಹಿಡಿಯುತ್ತದೆ. ಪಕ್ಕದವರು ಕೆಮ್ಮಿದರೆ ಅದು ಜಾಲರಿಗೆ ಹೋಗುವ ಮೊದಲು ನಿಮಗೆ ಬರಬಹುದು, ಅಷ್ಟೇ. ಆದರೆ ಆವಿಯನ್ನೂ ವಾಸನೆಯನ್ನೂ ಈ ಜಾಲರಿ ತಡೆಯಲಾರದು. ಮೇಲಾಗಿ ಇಂಜಿನ್ನಿನಿಂದ ಹೊಸದಾಗಿ ಬರುವ ಗಾಳಿಯ ದಾರಿಯಲ್ಲಿ ಹೆಚ್ಚಿನ ವಿಮಾನಗಳಲ್ಲಿ ಸೋಸುವ ಏರ್ಪಾಡೇ ಇಲ್ಲ. ಬೇಡವೆಂದಲ್ಲ, ಆ ಗಾಳಿ ಶುದ್ಧವಾಗಿಯೇ ಇರುತ್ತದೆ ಎಂಬ ನಂಬಿಕೆಯ ಮೇಲೆ ವ್ಯವಸ್ಥೆ ನಿಂತಿದೆ. ಆ ನಂಬಿಕೆ ನಿಂತಿರುವುದು ಒಂದು ಸಣ್ಣ ಸೀಲಿನ ಮೇಲೆ.

ಗೋವಾದಿಂದ ಹೊರಟ ಆ ವಿಮಾನ

2022ರ ಅಕ್ಟೋಬರ್ 12ರ ರಾತ್ರಿ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಸ್ಪೈಸ್‌ಜೆಟ್ ವಿಮಾನದಲ್ಲಿ 86 ಮಂದಿ ಪ್ರಯಾಣಿಕರಿದ್ದರು. ಇಳಿಯುವ ಹೊತ್ತಿಗೆ ಒಳಗೆ ಹೊಗೆ ತುಂಬಿಕೊಂಡಿತು. ರಾತ್ರಿ ಹನ್ನೊಂದರ ಸುಮಾರಿಗೆ ವಿಮಾನ ಸುರಕ್ಷಿತವಾಗಿ ಇಳಿಯಿತು, ಎಲ್ಲರನ್ನೂ ತುರ್ತಾಗಿ ಕೆಳಗಿಳಿಸಿದರು. ಇಳಿಯುವ ಗಡಿಬಿಡಿಯಲ್ಲಿ ಒಬ್ಬರಿಗೆ ಕಾಲಿಗೆ ತರಚು ಗಾಯವಾದುದು ಬಿಟ್ಟರೆ ದೊಡ್ಡ ಅನಾಹುತವಾಗಲಿಲ್ಲ.

ಅದು ಕ್ಯೂ-400 ಜಾತಿಯ ವಿಮಾನ. ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಪಕ್ಕದಲ್ಲಿ ತಂದು ನಿಲ್ಲಿಸಿರುವ ನೌಕಾದಳದ ಟುಪೊಲೆವ್ ವಿಮಾನವನ್ನು ನೋಡಿದವರು ಇದರ ಅಂದಾಜು ಮಾಡಿಕೊಳ್ಳಬಹುದು: ರೆಕ್ಕೆಗೆ ಕಟ್ಟಿದ ಇಂಜಿನ್ನು, ಅದರ ಮೂತಿಗೆ ಪಂಖ. ಟುಪೊಲೆವ್‌ಗೆ ಇಂಜಿನ್ನು ನಾಲ್ಕು, ಇದಕ್ಕೆ ಎರಡೇ. ಗಾತ್ರದಲ್ಲಿಯೂ ಬಹಳ ಚಿಕ್ಕದು.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಪ್ರಾಥಮಿಕ ತನಿಖೆಯಲ್ಲಿ ಕಂಡದ್ದು ಇಷ್ಟು. ಇಂಜಿನ್ನಿನ ಎಣ್ಣೆ ಸೀಲು ದಾಟಿ ಬಸಿದ ಗಾಳಿಯಲ್ಲಿ ಬೆರೆತಿತ್ತು, ಆ ಗಾಳಿಯೊಡನೆ ಹವಾನಿಯಂತ್ರಣಕ್ಕೆ ಹೊಕ್ಕಿತ್ತು, ಅಲ್ಲಿಂದ ಪ್ರಯಾಣಿಕರ ಮೂಗಿಗೆ. ಇಂಜಿನ್ನಿನ ತಿರುಗುವ ದಂಡಕ್ಕೆ ಎಣ್ಣೆ ಬೇಕೇ ಬೇಕು. ಎಣ್ಣೆಯ ಮನೆಗೂ ಗಾಳಿಯ ಮನೆಗೂ ನಡುವೆ ಇರುವ ಗೋಡೆಯೇ ಕಾರ್ಬನ್ ಸೀಲು. ಸವೆದರೆ ಎಣ್ಣೆ ಒಸರುತ್ತದೆ. ಬಿಸಿ ಗಾಳಿಗೆ ಸಿಕ್ಕಿ ಅಲ್ಲೇ ಹೊಗೆಯಾಗುತ್ತದೆ. ನಾನು ಇದನ್ನು ವಿವರಿಸಲು ಕಾಗದದ ಮೇಲೆ ಚಿತ್ರ ಬರೆಯತೊಡಗಿದರೆ ನಮ್ಮ ಹಿರಿಯರು ನಕ್ಕುಬಿಟ್ಟರು. "ಆಯಿಲ್ ಸೀಲು ಹೋಗದೆ ಅನ್ನಿ. ನಮ್ಮ ಬೋಟಿಂದು ಎಷ್ಟು ಸಲ ಹೋಗದೆ!" ವೈದ್ಯನಿಗಿಂತ ಅವರೇ ಚೆನ್ನಾಗಿ ತಿಳಿದಿದ್ದರು. ವ್ಯತ್ಯಾಸ ಇಷ್ಟೇ, ಬೋಟಿನ ಹೊಗೆ ಗಾಳಿಗೆ ಹೋಗುತ್ತದೆ, ಇದು ಮುಚ್ಚಿದ ಕೋಣೆಗೆ ಬರುತ್ತದೆ.

ಆ ಮೇಲೆ ಡಿಜಿಸಿಎ ಹೊರಡಿಸಿದ ಆದೇಶವನ್ನು ಸ್ವಲ್ಪ ಗಮನಿಸಬೇಕು. ಆ ಒಂದು ವಿಮಾನವನ್ನು ರಿಪೇರಿ ಮಾಡಿ ಎಂದು ಅದು ಬಿಡಲಿಲ್ಲ. ಕಂಪನಿ ಹಾರಿಸುತ್ತಿದ್ದ 14 ಕ್ಯೂ-400 ವಿಮಾನಗಳ 28 ಇಂಜಿನ್ನುಗಳಿಗೂ ಅದು ಅನ್ವಯಿಸಿತು. ಇಂಜಿನ್ ಎಣ್ಣೆಯ ಮಾದರಿಯನ್ನು ತಿಂಗಳಿಗೊಮ್ಮೆಯ ಬದಲು ಹದಿನೈದು ದಿನಕ್ಕೊಮ್ಮೆ ತೆಗೆದು, ಕೆನಡಾದ ಇಂಜಿನ್ ತಯಾರಕರಾದ ಪ್ರಾಟ್ ಅಂಡ್ ವಿಟ್ನಿಯವರ ಪರೀಕ್ಷೆಗೆ ಕಳುಹಿಸಬೇಕು. ಅದರಲ್ಲಿ ಲೋಹದ ಚೂರು, ಕಾರ್ಬನ್ ಸೀಲಿನ ಚೂರು ಇದೆಯೇ ಎಂದು ನೋಡಬೇಕು. ಗಾಳಿ ಬಸಿಯುವ ಕವಾಟದ ಜಾಲರಿಯಲ್ಲಿ ಎಣ್ಣೆಯ ಪಸೆ ಕಂಡೀತೇ ಎಂದು ಪರೀಕ್ಷಿಸಬೇಕು. ನಮ್ಮ ವೈದ್ಯಭಾಷೆಯಲ್ಲಿ ಹೇಳುವುದಾದರೆ ಇದು ರೋಗ ಬಂದ ಮೇಲಿನ ಔಷಧವಲ್ಲ, ರಕ್ತ ಪರೀಕ್ಷೆ. ಸೀಲು ಪೂರ್ತಿ ಒಡೆಯುವ ಮೊದಲು ಅದರ ಚೂರು ಎಣ್ಣೆಯಲ್ಲಿ ಕಾಣಿಸಿಕೊಳ್ಳುತ್ತದೆ. ಇದಕ್ಕೂ ಮೊದಲು ಅದೇ ವರ್ಷದ ಜುಲೈ 2ರಂದು ದೆಹಲಿಯಿಂದ ಜಬಲಪುರಕ್ಕೆ ಹೊರಟ ಅದೇ ಕಂಪನಿಯ ಕ್ಯೂ-400 ಕೂಡ ಒಳಗೆ ಹೊಗೆ ಕಂಡು ಹಿಂದಿರುಗಿತ್ತು. ಈ ತಪಾಸಣೆ ಆಗಲೇ ಕಡ್ಡಾಯವಾಗಬೇಕಿತ್ತು ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪಲ್ಲ, ನನಗೂ ಅನ್ನಿಸಿದೆ.

ಕಡ್ಡಾಯ ಎಂದರೇನು?

ವಿಮಾನ ತಯಾರಿಸಿದವರು ಆಗಾಗ್ಗೆ 'ಈ ಭಾಗವನ್ನು ಹೀಗೆ ಪರೀಕ್ಷಿಸುವುದು ಒಳ್ಳೆಯದು' ಎಂದು ಸೂಚನಾಪತ್ರ ಕಳುಹಿಸುತ್ತಾರೆ. ಅದು ಸಲಹೆ. ಸರಕಾರದ ವಿಮಾನಯಾನ ಇಲಾಖೆ ಅದನ್ನೇ 'ಹಾರಾಟ ಯೋಗ್ಯತೆಯ ನಿರ್ದೇಶನ'ವಾಗಿ ಹೊರಡಿಸಿದರೆ ಅದು ಆಜ್ಞೆ. ಹೇಳಿದ ಗಡುವಿನೊಳಗೆ ಮಾಡದಿದ್ದರೆ ವಿಮಾನ ಮೇಲೇರುವಂತಿಲ್ಲ. ಒಂದು ಜಾತಿಯ ವಿಮಾನವನ್ನು ಮೊದಲು ಪ್ರಮಾಣೀಕರಿಸಿದ ದೇಶ ಹೊರಡಿಸಿದ ನಿರ್ದೇಶನಗಳನ್ನು ಭಾರತದಲ್ಲಿ ನೋಂದಾಯಿಸಿದ ಅದೇ ಜಾತಿಯ ವಿಮಾನಗಳೂ ಪಾಲಿಸಬೇಕು.

ಇಂಥ ಆಜ್ಞೆಗಳ ಹಿಂದೆ ಸಾಮಾನ್ಯವಾಗಿ ಒಂದು ಕಹಿ ಕತೆ ಇರುತ್ತದೆ. 1999ರ ನವೆಂಬರಿನಲ್ಲಿ ಸ್ವೀಡನ್ನಿನಲ್ಲಿ ಬಿಎಇ-146 ಎಂಬ ವಿಮಾನ ಕೆಳಗಿಳಿಯುತ್ತಿದ್ದಾಗ ಇಬ್ಬರು ಪೈಲಟ್‌ಗಳಿಗೂ ತಲೆಸುತ್ತು ಬಂದು ಕೈಕಾಲು ಸ್ವಾಧೀನ ತಪ್ಪುವಂತಾಯಿತು. ಆಮ್ಲಜನಕದ ಮುಖವಾಡ ಹಾಕಿಕೊಂಡು ಹೇಗೋ ಇಳಿಸಿದರು. ಅದೇ ಜಾತಿಯ ವಿಮಾನಗಳಲ್ಲಿ ಎಣ್ಣೆಯ ಆವಿಯ ದೂರುಗಳು ಬೇರೆ ದೇಶಗಳಿಂದಲೂ ಬಂದಿದ್ದವು. 2001ರಲ್ಲಿ ಬ್ರಿಟನ್ ಆ ವಿಮಾನಗಳ ಸೀಲುಗಳನ್ನೂ ಹವಾ ಕೊಳವೆಗಳನ್ನೂ ಪರೀಕ್ಷಿಸುವುದನ್ನು ಕಡ್ಡಾಯ ಮಾಡಿತು.

ಒತ್ತಡದ ಕತೆ ಇನ್ನೂ ಕಹಿ. 2005ರ ಆಗಸ್ಟ್ 14ರಂದು ಸೈಪ್ರಸ್ಸಿನಿಂದ ಹೊರಟ ಹೀಲಿಯೋಸ್ ಕಂಪನಿಯ ಬೋಯಿಂಗ್ 737ರಲ್ಲಿ ಒತ್ತಡ ಕಾಯುವ ಗುಂಡಿ ತಪ್ಪು ಸ್ಥಾನದಲ್ಲಿ ಉಳಿದಿತ್ತು. ಎಚ್ಚರಿಕೆಯ ಗಂಟೆ ಹೊಡೆಯಿತು. ಆದರೆ ಆ ಗಂಟೆ, ನೆಲದ ಮೇಲೆ ಬೇರೊಂದು ತಪ್ಪಿಗೆ ಹೊಡೆಯುವ ಗಂಟೆಯ ಸ್ವರದ್ದೇ ಆಗಿತ್ತು! ಪೈಲಟ್‌ಗಳು ಬೇರೆಯೇ ದೋಷ ಹುಡುಕುತ್ತ ಪ್ರಜ್ಞೆ ತಪ್ಪಿದರು. 121 ಜನ ಸತ್ತರು. ಅಮೆರಿಕ ಆ ಮಾದರಿಯ ಹಳೆಯ ವಿಮಾನಗಳಿಗೆ ಪ್ರತ್ಯೇಕ ಎಚ್ಚರಿಕೆಯ ದೀಪಗಳನ್ನು ಕಡ್ಡಾಯ ಮಾಡಿದ್ದು 2011ರಲ್ಲಿ. ಆ ಎಚ್ಚರಿಕೆಗೆ ಚಾಲನೆ ಕೊಡುವ ಸ್ವಿಚ್ಚುಗಳೇ ಕೆಟ್ಟಿರುವುದು 2020ರ ತಪಾಸಣೆಯಲ್ಲಿ ಕಂಡುಬಂತು. 2021ರಲ್ಲಿ ಇನ್ನೊಂದು ಆಜ್ಞೆ ಬಂದು, ಪ್ರತಿ 2,000 ಹಾರಾಟ ಗಂಟೆಗೊಮ್ಮೆ ಅವುಗಳ ಪರೀಕ್ಷೆ ಕಡ್ಡಾಯವಾಯಿತು. ಜಗತ್ತಿನಾದ್ಯಂತ ಒಂಬತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಇದರ ವ್ಯಾಪ್ತಿಗೆ ಬಂದವು.

ಯಂತ್ರ ಸರಿಯಿದ್ದೂ ಮನುಷ್ಯ ಮರೆತರೆ? 2018ರ ಸೆಪ್ಟೆಂಬರ್ 20ರಂದು ಮುಂಬಯಿಯಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಅದೇ ಆಯಿತು. ಗಾಳಿ ಬಸಿಯುವ ಸ್ವಿಚ್ಚನ್ನು ಹಾಕಿರಲಿಲ್ಲ. 166 ಪ್ರಯಾಣಿಕರಲ್ಲಿ ಮೂವತ್ತರಷ್ಟು ಜನರಿಗೆ ಮೂಗು-ಕಿವಿಯಲ್ಲಿ ರಕ್ತ ಬಂತು, ಹಲವರಿಗೆ ತಲೆನೋವು. ವಿಮಾನ ಮುಂಬಯಿಗೆ ಹಿಂದಿರುಗಿತು.

ಎಣ್ಣೆಯ ಆವಿ ಮೈಗೆ ಏನು ಮಾಡುತ್ತದೆ?

ಮೊದಲು ಒಂದು ಸಮಾಧಾನದ ಮಾತು. ನಮ್ಮ ಕರಾವಳಿಯ ಸೆಖೆಯಲ್ಲಿ ವಿಮಾನ ಹತ್ತಿದಾಗ ಮೇಲಿನ ಸಂದಿಗಳಿಂದ ಬಿಳಿಯ ಹಬೆ ಸುರಿಯುವುದುಂಟು. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ. ಅದು ಹೊಗೆಯಲ್ಲ. ತಣ್ಣನೆಯ ಗಾಳಿಗೆ ತೇವದ ಗಾಳಿ ಸೋಂಕಿ ಮಂಜಾದದ್ದು. ಅದಕ್ಕೆ ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಒಂದೆರಡು ಗೇಣು ಕೆಳಗೆ ಬರುವಷ್ಟರಲ್ಲಿ ಕರಗಿಹೋಗುತ್ತದೆ. ನೆಲದ ಮೇಲಿರುವಾಗ ಕ್ಷಣಕಾಲ ಸೀಮೆ ಎಣ್ಣೆಯಂಥ ವಾಸನೆ ಬಂದರೆ ಅದು ಹೆಚ್ಚಾಗಿ ಪಕ್ಕದ ವಿಮಾನದ ಹೊಗೆ.

ಇಂಜಿನ್ ಎಣ್ಣೆಯದು ಬೇರೆ. ಕೊಳೆತ ಕಾಲುಚೀಲದ ವಾಸನೆ, ಒದ್ದೆ ನಾಯಿಯ ವಾಸನೆ ಎಂದು ಅನುಭವಿಸಿದವರು ಹೇಳುತ್ತಾರೆ. ಕಣ್ಣು, ಗಂಟಲು ಉರಿಯುತ್ತವೆ. ಕೆಮ್ಮು, ತಲೆನೋವು, ಓಕರಿಕೆ, ತಲೆಸುತ್ತು ಬರಬಹುದು. ದಮ್ಮಿನವರಿಗೆ ಅಲ್ಲಿಯೇ ಉಬ್ಬಸ ಹತ್ತಬಹುದು. ಹೆಚ್ಚಿನವರಲ್ಲಿ ಶುದ್ಧ ಗಾಳಿಗೆ ಬಂದ ಮೇಲೆ ಇವೆಲ್ಲ ಇಳಿಯುತ್ತವೆ.

ದೀರ್ಘಕಾಲದ ಹಾನಿಯ ಮಾತು ಬಂದಾಗ ವೈದ್ಯರಲ್ಲಿ ಒಮ್ಮತವಿಲ್ಲ. ಈ ಎಣ್ಣೆಗಳಲ್ಲಿ ಸವೆತ ತಡೆಯಲೆಂದು ನೂರಕ್ಕೆ ಮೂರು ಪಾಲಿನ ತನಕ ಟ್ರೈಕ್ರೆಸಿಲ್ ಫಾಸ್ಫೇಟ್ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ಇದರ ಒಂದು ರೂಪ ನರಗಳಿಗೆ ವಿಷ. 1988ರಲ್ಲಿ ಕಲ್ಕತ್ತೆಯ ಬೆಹಾಲಾದಲ್ಲಿ ಅಡುಗೆ ಎಣ್ಣೆಗೆ ಇದು ಕಲಬೆರಕೆಯಾಗಿ ನೂರಾರು ಜನರ ಕಾಲಿನ ಶಕ್ತಿ ಹೋದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಆದರೆ ಅವರು ಅದನ್ನು ಹೊಟ್ಟೆಗೆ ತಿಂದಿದ್ದರು, ದಿನವೂ ತಿಂದಿದ್ದರು. ಇಂದಿನ ವಿಮಾನದ ಎಣ್ಣೆಯಲ್ಲಿ ಆ ಕೆಟ್ಟ ರೂಪ ಅತ್ಯಲ್ಪ, ಗಾಳಿಯಲ್ಲಿ ಸಿಗುವುದು ಇನ್ನೂ ಅಲ್ಪ. ವರ್ಷಕ್ಕೊಮ್ಮೆ ಹೋಗುವ ಪ್ರಯಾಣಿಕ ಬೆಹಾಲಾದ ಹೆದರಿಕೆ ಇಟ್ಟುಕೊಳ್ಳಬೇಕಾಗಿಲ್ಲ. ದಿನಬೆಳಗಾದರೆ ಅದೇ ಗಾಳಿಯಲ್ಲಿರುವ ಪೈಲಟ್, ಗಗನಸಖಿಯರ ಪ್ರಶ್ನೆ ಬೇರೆ. ಮರೆವು, ಸುಸ್ತು, ನಡುಕ ಎಂದು ದೂರುವವರು ಅವರಲ್ಲಿ ಇದ್ದಾರೆ. ಅದನ್ನು ಪ್ರತ್ಯೇಕ ರೋಗವೆಂದು ವೈದ್ಯಲೋಕ ಇನ್ನೂ ಒಪ್ಪಿಲ್ಲ. ಒಪ್ಪಿಲ್ಲವೆಂದ ಮಾತ್ರಕ್ಕೆ ಅವರ ದೂರು ಸುಳ್ಳೂ ಅಲ್ಲ. ಇಂಜಿನ್ನಿನ ಬದಲು ವಿದ್ಯುತ್ ಪಂಪಿನಿಂದ ಹೊರಗಿನ ಗಾಳಿಯನ್ನು ನೇರ ಎಳೆದುಕೊಳ್ಳುವ ಬೋಯಿಂಗ್ 787 ವಿಮಾನಗಳು 2011ರಿಂದ ಬಳಕೆಯಲ್ಲಿವೆ. ಅಲ್ಲಿ ಈ ದಾರಿಯೇ ಇಲ್ಲ.

ಹೊಗೆ ಅಥವಾ ಅಂಥ ವಾಸನೆ ಬಂದರೆ ಪ್ರಯಾಣಿಕರು ಮಾಡಬೇಕಾದದ್ದು ಸರಳ. ತಲೆಯ ಮೇಲಿನ ಕರೆಗುಂಡಿ ಒತ್ತಿ ಸಿಬ್ಬಂದಿಗೆ ತಕ್ಷಣ ಹೇಳಿ. ಮುಂದೆ ಕುಳಿತ ಪೈಲಟ್‌ಗೆ ಹಿಂದಿನ ಸಾಲಿನ ವಾಸನೆ ಗೊತ್ತಾಗದಿರಬಹುದು, ಸಂಕೋಚ ಬೇಡ. ಒದ್ದೆ ಬಟ್ಟೆಯನ್ನು ಮೂಗು-ಬಾಯಿಗೆ ಹಿಡಿದು ತಲೆ ತಗ್ಗಿಸಿ ಕುಳಿತುಕೊಳ್ಳಿ. ಮೇಲಿನಿಂದ ಇಳಿಬೀಳುವ ಆಮ್ಲಜನಕದ ಮುಖವಾಡ ಹೊಗೆಗೆ ಮಾಡಿದ್ದಲ್ಲ, ಒತ್ತಡ ತಪ್ಪಿದಾಗಿನದು. ಅದು ಕೋಣೆಯ ಗಾಳಿಯನ್ನೂ ಬೆರೆಸಿಕೊಳ್ಳುವುದರಿಂದ ಹೊಗೆ ಒಳಗೆ ಹೋಗಿಯೇ ಹೋಗುತ್ತದೆ. ಒತ್ತಡ ತಪ್ಪಿ ಮುಖವಾಡ ಬಿದ್ದರೆ ಮಾತ್ರ ಮೊದಲು ನೀವು ಹಾಕಿಕೊಂಡು ಆಮೇಲೆ ಮಗುವಿಗೆ ಹಾಕಿ. ತಾಯಂದಿರಿಗೆ ಈ ಮಾತು ಕಠಿಣವೆನಿಸುತ್ತದೆ, ಆದರೆ ಪ್ರಜ್ಞೆ ತಪ್ಪಿದ ತಾಯಿ ಮಗುವಿಗೆ ಏನೂ ಮಾಡಲಾರಳು. ಇಳಿದ ಮೇಲೂ ತಲೆನೋವು, ಮಂಕು ಉಳಿದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ, ವಿಮಾನದ ಸಂಖ್ಯೆ, ವೇಳೆ, ಎಂಥ ವಾಸನೆ ಎಂಬುದನ್ನು ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ನಂಬಿ ಕುಳಿತುಕೊಳ್ಳಬಾರದು. ರಕ್ತದಲ್ಲಿ ಇಂಗಾಲದ ಮೊನಾಕ್ಸೈಡ್ ಸೇರಿದ್ದರೆ ಅದು ಮೋಸದ ಅಂಕಿ ತೋರಿಸುತ್ತದೆ, ರಕ್ತವನ್ನೇ ಪರೀಕ್ಷಿಸಬೇಕು.

ಕಿವಿಯ ವಿಚಾರ ಎಲ್ಲರಿಗೂ ಗೊತ್ತಿದ್ದದ್ದೇ. ಇಳಿಯುವಾಗ ನುಂಗುತ್ತಿರಿ, ಹಸುಳೆಗೆ ಹಾಲೂಡಿಸಿ, ಜೋರು ನೆಗಡಿಯಿದ್ದರೆ ಪ್ರಯಾಣ ಮುಂದೂಡಿ. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಸಮುದ್ರದಲ್ಲಿ ಮುಳುಗುವ ಹುಡುಗರು ಒಂದು ದಿನ ಪೂರ್ತಿ ಕಳೆಯದೆ ವಿಮಾನ ಹತ್ತಬಾರದು. ರಕ್ತದಲ್ಲಿ ಕರಗಿರುವ ಸಾರಜನಕ, ತೆಳು ಗಾಳಿಯಲ್ಲಿ ಗುಳ್ಳೆಯಾಗಿ ಏಳುತ್ತದೆ.

ಇನ್ನು ನಮ್ಮ ಹಿರಿಯರ ಮಾತು. ವಿಮಾನದೊಳಗಿನ ತೆಳು ಗಾಳಿಯಲ್ಲಿ ಆರೋಗ್ಯವಂತರ ರಕ್ತದ ಆಮ್ಲಜನಕವೂ ಶೇಕಡಾ 90ರ ಆಸುಪಾಸಿಗೆ ಇಳಿಯುವುದುಂಟು. ಮೊದಲೇ ಕಡಿಮೆ ಇರುವವರದು ಎಲ್ಲಿಗೆ ಹೋದೀತು? ವೈದ್ಯರು ಬಹುಕಾಲದಿಂದ ಬಳಸುವ ಒಂದು ಸ್ಥೂಲ ಅಳತೆಯಿದೆ. ಮನೆಯಲ್ಲಿ ಸುಮ್ಮನೆ ಕುಳಿತಾಗ 95ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 92ಕ್ಕಿಂತ ಕೆಳಗಿದ್ದರೆ ವಿಮಾನದಲ್ಲಿ ಆಮ್ಲಜನಕ ಬೇಕು. ನಡುವೆ ಇರುವವರನ್ನು ಎದೆರೋಗ ತಜ್ಞರು ನೋಡಬೇಕು. ಅಂಕಿಯೊಂದೇ ಸಾಲದು, ಐವತ್ತು ಮೀಟರು ಏದುಸಿರಿಲ್ಲದೆ ನಡೆಯಬಲ್ಲರೇ ಎಂಬುದನ್ನೂ ನೋಡಬೇಕು. ಇತ್ತೀಚೆಗೆ ಹೃದಯಾಘಾತವಾದವರು, ಶ್ವಾಸಕೋಶದಿಂದ ಗಾಳಿ ಸೋರಿ ಎದೆಯಲ್ಲಿ ತುಂಬಿದ ಇತಿಹಾಸವಿರುವವರು, ರಕ್ತ ಬಹಳ ಕಡಿಮೆ ಇರುವವರು ಸಹ ಕೇಳಿಕೊಂಡೇ ಹೊರಡಬೇಕು.

ಅವರ ಅಂಕಿ 93 ಇತ್ತು. ದವಾಖಾನೆಯ ಅಂಗಳದಲ್ಲಿ ನಡೆಸಿ ನೋಡಿದೆ, ಮೂವತ್ತು ಹೆಜ್ಜೆಗೆ ನಿಂತರು. ಟಿಕೆಟ್ಟು ಮಾಡಿಸುವುದನ್ನು ತಡೆಯಲು ಮಗನಿಗೆ ಅಲ್ಲಿಂದಲೇ ಫೋನು ಮಾಡಿಸಿದೆ. ತಜ್ಞರ ಪರೀಕ್ಷೆಯ ನಂತರ ನಿರ್ಧಾರವಾಯಿತು: ಹೋಗಬಹುದು, ಆಮ್ಲಜನಕದ ಆಸರೆಯೊಂದಿಗೆ. ಮನೆಯ ಸಿಲಿಂಡರನ್ನು ವಿಮಾನದೊಳಗೆ ಬಿಡುವುದಿಲ್ಲ. ಕೆಲವು ಕಂಪನಿಗಳು ತಾವೇ ಒದಗಿಸುತ್ತವೆ, ಕೆಲವು ಒಪ್ಪಿತ ಮಾದರಿಯ ಬ್ಯಾಟರಿ ಯಂತ್ರವನ್ನು ಒಯ್ಯಲು ಬಿಡುತ್ತವೆ. ಕನಿಷ್ಠ ಎರಡು ದಿನ ಮೊದಲು ವೈದ್ಯರ ಪತ್ರದೊಡನೆ ತಿಳಿಸಬೇಕು. ಆದ್ದರಿಂದ ಟಿಕೆಟ್ಟಿಗೆ ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳುವುದು ಜಾಣತನ. ಉಬ್ಬಸದ ಪಂಪು ಚೀಲದಲ್ಲಲ್ಲ, ಅಂಗಿಯ ಜೇಬಿನಲ್ಲಿ ಇರಲಿ ಎಂದೆ.

ಹೊರಡುವಾಗ ಅವರ ಹೆಂಡತಿ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕೇಳಿದರು, ಕರೆಗುಂಡಿ ತಲೆಯ ಮೇಲೆ ಯಾವ ಕಡೆ ಇರ್ತದೆ ಎಂದು. ದೀಪದ ಗುಂಡಿಯ ಪಕ್ಕದಲ್ಲಿ, ಮನುಷ್ಯನ ಚಿತ್ರವಿರುವುದು ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಅದನ್ನು ಮಡಚಿ ಔಷಧದ ಚೀಟಿಯ ಜೊತೆಗೇ ಇಟ್ಟುಕೊಂಡರು.